ಮೂಲೆಯಲ್ಲಿ ನಿಂತವನ ಕಣ್ಣು: ಆರ್.ಕೆ. ಲಕ್ಷ್ಮಣ್ ಸ್ಮರಣೆ

(ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ಸಲದ ದತ್ತಿ ಉಪನ್ಯಾಸಕ್ಕೆ ಒಬ್ಬ ವ್ಯಂಗ್ಯಚಿತ್ರಕಾರರನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ಕವಿಗಳ ಬಗ್ಗೆ, ಶರಣರ ಬಗ್ಗೆ, ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಇಂಥ ಉಪನ್ಯಾಸಗಳು ನಡೆಯುತ್ತಲೇ ಇರುತ್ತವೆ, ನಡೆಯಬೇಕಾದದ್ದೇ. ವ್ಯಂಗ್ಯಚಿತ್ರಕಾರರಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವುದು ಅಪರೂಪ. ಅವರ ಕೆಲಸ ಬೆಳಿಗ್ಗೆ ಪತ್ರಿಕೆಯಲ್ಲಿ ಬರುತ್ತದೆ, ಮರುದಿನ ಆ ಪತ್ರಿಕೆ ರದ್ದಿಗೆ ಹೋಗುತ್ತದೆ. ಹಾಗೆ ದಿನಾ ರದ್ದಿಗೆ ಹೋಗುವ ಕಾಗದದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗೆರೆ ಎಳೆದು, ಒಂದು ದೇಶದ ನೆನಪಿನಲ್ಲಿ ಉಳಿದವರು ರಾಶಿಪುರಂ ಕೃಷ್ಣಸ್ವಾಮಿ ಲಕ್ಷ್ಮಣ್. ಮೈಸೂರಿನಲ್ಲಿ 1921ರ ಅಕ್ಟೋಬರ್ 24ರಂದು ಹುಟ್ಟಿದರು. ಪುಣೆಯಲ್ಲಿ 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಇಡೀ ಬದುಕನ್ನು ಇಲ್ಲಿ ಹೇಳಹೊರಡುವುದಿಲ್ಲ. ಮೊದಲು ಮೈಸೂರಿನ ಲಕ್ಷ್ಮಣ್ ಬಗ್ಗೆ, ಅವರಿಗೂ ಕನ್ನಡದ ‘ಕೊರವಂಜಿ’ ಪತ್ರಿಕೆಗೂ ಇದ್ದ ನಂಟಿನ ಬಗ್ಗೆ ಮಾತಾಡುತ್ತೇನೆ. ಆಮೇಲೆ ಅವರ ಕೈಕಸುಬು, ಅವರು ಸೃಷ್ಟಿಸಿದ ಶ್ರೀಸಾಮಾನ್ಯ. ಅಲ್ಲಿಂದ ಅಧಿಕಾರಸ್ಥರ ಎದುರು ಅವರು ನಿಂತ ರೀತಿ. ಕಡೆಯಲ್ಲಿ ಕನ್ನಡದ ವ್ಯಂಗ್ಯಚಿತ್ರ ಪರಂಪರೆಯ ಬಗ್ಗೆ, ನಮ್ಮ ತಾಲ್ಲೂಕಿನಂಥ ಕಡೆ ಇರುವವರು ಅದಕ್ಕಾಗಿ ಏನು ಮಾಡಬಹುದು ಎಂಬುದರ ಬಗ್ಗೆ ಒಂದೆರಡು ಮಾತು. ನನ್ನ ವಾದ ಇಷ್ಟೇ: ಲಕ್ಷ್ಮಣ್ ಅವರ ನಗು ಯಾವತ್ತೂ ಮೇಲಿನವರ ಕಡೆಗೆ ಮುಖಮಾಡಿತ್ತು, ಕೆಳಗಿನವರನ್ನು ಅದು ಕುಟುಕಲಿಲ್ಲ. ಈ ಗುಣ ಅವರಿಗೆ ಮುಂಬೈ ಕೊಟ್ಟದ್ದಲ್ಲ, ಅವರು ಮೈಸೂರಿನಿಂದಲೇ ಕಟ್ಟಿಕೊಂಡು ಹೋದದ್ದು.

ಮೊದಲನೆಯದಾಗಿ, ಮೈಸೂರು.

ಅವರ ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಗಂಡುಮಕ್ಕಳಲ್ಲಿ ಲಕ್ಷ್ಮಣ್ ಕಿರಿಯರು. ಅಣ್ಣಂದಿರಲ್ಲಿ ಒಬ್ಬರು ಮುಂದೆ ‘ಮಾಲ್ಗುಡಿ’ಯ ಆರ್.ಕೆ. ನಾರಾಯಣ್ ಎಂದು ಜಗತ್ತಿಗೇ ಗೊತ್ತಾದರು. ಮನೆಗೆ ‘ಸ್ಟ್ರ್ಯಾಂಡ್’, ‘ಪಂಚ್’, ‘ಬೈಸ್ಟ್ಯಾಂಡರ್’ ಮೊದಲಾದ ಇಂಗ್ಲಿಷ್ ಪತ್ರಿಕೆಗಳು ಬರುತ್ತಿದ್ದವು. ಓದಲು ಬರುವ ಮೊದಲೇ ಹುಡುಗ ಅವುಗಳ ಚಿತ್ರಗಳ ಮುಂದೆ ಕೂರುತ್ತಿದ್ದ. ನೆಲ, ಗೋಡೆ, ಬಾಗಿಲು ಎಲ್ಲವೂ ಅವನ ಕೈಗೆ ಸಿಕ್ಕವು. ಶಾಲೆಯಲ್ಲಿ ಎಲೆಯೊಂದನ್ನು ಬಿಡಿಸಲು ಹೇಳಿದಾಗ ಅವನು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದರು. ಆ ಮೆಚ್ಚುಗೆಯ ಮೇಲೆಯೇ ತಾನು ಚಿತ್ರಕಾರನಾಗುತ್ತೇನೆ ಎಂದು ಅವನು ನಂಬಿಕೊಂಡ. ಅಷ್ಟರಲ್ಲಿ ತಂದೆಗೆ ಪಾರ್ಶ್ವವಾಯು ಬಡಿಯಿತು, ವರ್ಷದೊಳಗೆ ಅವರು ಹೋದರು. ಮನೆಯ ಭಾರವನ್ನು ದೊಡ್ಡವರು ಹೊತ್ತದ್ದರಿಂದ ಹುಡುಗನ ಓದು ನಿಲ್ಲಲಿಲ್ಲ.

ಆತ್ಮಕಥೆಯಲ್ಲಿ ಅವರು ತಮ್ಮ ಬಾಲ್ಯದ ಕೋಣೆಯ ಕಿಟಕಿಯನ್ನು ನೆನೆಯುತ್ತಾರೆ. ಆ ಕಿಟಕಿಯಿಂದ ಕಂಡದ್ದನ್ನೆಲ್ಲ ಅವರು ಬರೆಯುತ್ತಿದ್ದರಂತೆ. ಒಣಗಿದ ರೆಂಬೆ, ಉದುರಿದ ಎಲೆ, ಸೌದೆ ಸೀಳುವ ಆಳು, ಎದುರು ಮನೆಗಳ ಮಾಡಿನ ಮೇಲೆ ಕೂತ ಕಾಗೆ. ದೊಡ್ಡ ವಸ್ತು ಒಂದೂ ಇಲ್ಲ. ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಮೈಸೂರೆಂದರೆ ಆಗ ದಸರೆಯ ಜಂಬೂಸವಾರಿ, ಆನೆ, ಅರಮನೆಯ ದೀಪ. ಅದೆಲ್ಲ ಕೂಗಳತೆಯಲ್ಲಿದ್ದರೂ ಆ ಹುಡುಗನ ಪೆನ್ಸಿಲ್ಲು ಸೌದೆ ಸೀಳುವವನ ಬಾಗಿದ ಬೆನ್ನನ್ನು ಹಿಡಿಯಲು ಒದ್ದಾಡುತ್ತಿತ್ತು. ಕಾಗೆಯಂತೂ ಜೀವನಪೂರ್ತಿ ಅವರನ್ನು ಬಿಡಲಿಲ್ಲ. ನಮ್ಮಲ್ಲಿ ಶನಿಯ ವಾಹನವೆಂದು, ಅಪಶಕುನವೆಂದು ಓಡಿಸುವ ಆ ಹಕ್ಕಿಯನ್ನು ಅವರು ನೂರಾರು ಭಂಗಿಗಳಲ್ಲಿ ಬರೆದರು, ಅವುಗಳದ್ದೇ ಪ್ರದರ್ಶನಗಳನ್ನು ಇಟ್ಟರು. ಯಾರೂ ಲಕ್ಷ್ಯ ಕೊಡದ್ದರ ಕಡೆ ನೋಡುವ ಅಭ್ಯಾಸ ಅದು. ಮುಂದಿನ ಎಲ್ಲಕ್ಕೂ ಬುನಾದಿ ಅಲ್ಲೇ ಬಿತ್ತು ಎಂದು ನಾನು ತಿಳಿಯುತ್ತೇನೆ.

ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಅಲ್ಲಿ ಸೇರಲು ಬೇಕಾದ ಪ್ರತಿಭೆ ಈ ಚಿತ್ರಗಳಲ್ಲಿ ಕಾಣುತ್ತಿಲ್ಲ ಎಂದು ಉತ್ತರ ಬಂತು. ಲಕ್ಷ್ಮಣ್ ಮೈಸೂರಿನಲ್ಲೇ ಉಳಿದು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು. ಓದುತ್ತಿದ್ದಾಗಲೇ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ಕಲಾಶಾಲೆ ಸೇರಿಸಿಕೊಳ್ಳದಿದ್ದದ್ದು ಕನ್ನಡಿಗರ ಪಾಲಿಗೆ ಒಳ್ಳೆಯದೇ ಆಯಿತು ಎನ್ನಬೇಕು. ಏಕೆಂದರೆ ಆ ವರ್ಷಗಳಲ್ಲೇ ‘ಕೊರವಂಜಿ’ ಹುಟ್ಟಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊರವಂಜಿಯ ಕಥೆ ನಮ್ಮ ಮಕ್ಕಳಿಗೆ ತಲುಪಿಲ್ಲ.

1942ರಲ್ಲಿ ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ ಎಂಬ ವೈದ್ಯರು ಈ ಹಾಸ್ಯ ಮಾಸಪತ್ರಿಕೆಯನ್ನು ಶುರುಮಾಡಿದರು. ‘ರಾಶಿ’ ಎಂಬುದು ಅವರ ಕಾವ್ಯನಾಮ. ಮೆಜೆಸ್ಟಿಕ್ ಆಸುಪಾಸಿನಲ್ಲಿ ಅವರ ದವಾಖಾನೆ. ಕಾಲ ಎಂಥದು ನೋಡಿ. ಎರಡನೇ ಮಹಾಯುದ್ಧ ನಡೆಯುತ್ತಿದೆ, ಕ್ವಿಟ್ ಇಂಡಿಯಾ ಚಳವಳಿ ಹೊತ್ತಿದೆ, ಪಡಿತರ ಬಂದಿದೆ, ಕಾಗದಕ್ಕೂ ಅಭಾವ. ಅಂಥ ಹೊತ್ತಿನಲ್ಲಿ ಒಬ್ಬ ವೈದ್ಯರು ನಗೆಯ ಪತ್ರಿಕೆ ಮಾಡುತ್ತೇನೆಂದು ಹೊರಟರು. ರೋಗಿಗಳನ್ನು ನೋಡಿ, ಉಳಿದ ವೇಳೆಯಲ್ಲಿ ಪತ್ರಿಕೆ ನೋಡಿ, 1967ರವರೆಗೆ, ಇಪ್ಪತ್ತೈದು ವರ್ಷ ಅದನ್ನು ನಡೆಸಿದರು. ಮನಸ್ಸಿನ ಕಾಯಿಲೆಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ನೋವನ್ನು ಹತ್ತಿರದಿಂದ ಬಲ್ಲ ವೈದ್ಯರು ಸಂಪಾದಕರಾಗಿದ್ದರು ಎಂಬುದನ್ನು ಗಮನಕ್ಕೆ ತಂದುಕೊಂಡರೆ ಕೊರವಂಜಿಯ ಹಾಸ್ಯ ಯಾಕೆ ಯಾರನ್ನೂ ಗಾಯಮಾಡಲಿಲ್ಲ ಎಂಬುದು ಅರ್ಥವಾಗುತ್ತದೆ. ‘ಅನರ್ಥಕೋಶ’ದ ನಾ. ಕಸ್ತೂರಿ ಅಲ್ಲಿ ಬರೆದರು. ಹೆಂಗಸರು ಹಾಸ್ಯ ಬರೆಯುವುದೇ ಅಪರೂಪವಾಗಿದ್ದ ದಿನಗಳಲ್ಲಿ ಟಿ. ಸುನಂದಮ್ಮ ಅಲ್ಲಿ ಬರೆದು ಮನೆಮಾತಾದರು.

ಇಂಥವರ ನಡುವೆ ಇಪ್ಪತ್ತರ ಆಸುಪಾಸಿನ ಲಕ್ಷ್ಮಣ್ ಚಿತ್ರ ಬರೆದರು. ಶಿವರಾಂ ಬೆನ್ನು ತಟ್ಟಿದರು. ಹೊಸಬನೊಬ್ಬನಿಗೆ ತಿಂಗಳು ತಿಂಗಳೂ ಪುಟ ಕೊಡುವ ಸಂಪಾದಕ ಸಿಗುವುದು ಎಷ್ಟು ದೊಡ್ಡ ಭಾಗ್ಯ ಎಂಬುದು ಬರೆಯುವವರಿಗೆ, ಚಿತ್ರ ಮಾಡುವವರಿಗೆ ಮಾತ್ರ ಗೊತ್ತು. ಕಲಾಶಾಲೆ ಕೊಡದ ಪಾಠ ಅಲ್ಲಿ ಸಿಕ್ಕಿತು. ಕೊಟ್ಟ ದಿನಕ್ಕೆ ಚಿತ್ರ ಮುಗಿಸುವುದು, ಮುದ್ರಣದಲ್ಲಿ ಏನು ಉಳಿಯುತ್ತದೆ ಏನು ಅಳಿಸಿಹೋಗುತ್ತದೆ ಎಂದು ಕಣ್ಣಾರೆ ಕಾಣುವುದು, ಅಗಸೆಬಾಗಿಲ ಕಟ್ಟೆಯಲ್ಲಿ ಕೂತು ಓದುವವನೂ ವಕೀಲರ ಮನೆಯ ಪಡಸಾಲೆಯಲ್ಲಿ ಓದುವವನೂ ಒಂದೇ ಚಿತ್ರಕ್ಕೆ ನಗಬೇಕೆಂದು ತಿಳಿಯುವುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲಕ್ಷ್ಮಣ್ ಮನೆಮಾತು ತಮಿಳು, ಅನ್ನ ಕೊಟ್ಟದ್ದು ಇಂಗ್ಲಿಷ್ ಪತ್ರಿಕೆ, ಬದುಕಿನ ಬಹುಭಾಗ ಕಳೆದದ್ದು ಮಹಾರಾಷ್ಟ್ರದಲ್ಲಿ. ಅವರನ್ನು ನಮ್ಮವರು ಎನ್ನಬಹುದೇ? ಮನೆಮಾತಿನ ಲೆಕ್ಕ ಹಿಡಿದರೆ ಮಾಸ್ತಿಯವರನ್ನೂ ಕೈಲಾಸಂ ಅವರನ್ನೂ ಜಿ.ಪಿ. ರಾಜರತ್ನಂ ಅವರನ್ನೂ ಬಿಟ್ಟುಕೊಡಬೇಕಾಗುತ್ತದೆ. ಅವರೆಲ್ಲ ಕನ್ನಡದಲ್ಲಿ ಬರೆದರಲ್ಲ ಎಂದು ನೀವು ಕೇಳಬಹುದು, ನ್ಯಾಯವಾದ ಮಾತೇ. ಲಕ್ಷ್ಮಣ್ ಬರೆದದ್ದು ಗೆರೆಯಲ್ಲಿ. ಆ ಗೆರೆ ಪಳಗಿದ್ದು ಮೈಸೂರಿನ ಬೀದಿಯಲ್ಲಿ, ಕನ್ನಡ ಪತ್ರಿಕೆಯ ಪುಟದಲ್ಲಿ. ನನಗೆ ಅಷ್ಟು ಸಾಕು. 1983ರಲ್ಲಿ ಕರ್ನಾಟಕ ಸರ್ಕಾರ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಾಗ, ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಾಗ ನಾಡು ಕೂಡ ಇದನ್ನೇ ಒಪ್ಪಿಕೊಂಡಿತು.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ: ಕಸುಬು ಮತ್ತು ಶ್ರೀಸಾಮಾನ್ಯ.

ಮುಂಬೈಗೆ ಹೋದ ಲಕ್ಷ್ಮಣ್ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ರಾಜಕೀಯ ವ್ಯಂಗ್ಯಚಿತ್ರಕಾರರಾದರು. ಮುಂದೆ ಶಿವಸೇನೆ ಕಟ್ಟಿದ ಬಾಳ್ ಠಾಕ್ರೆ ಆಗ ಅಲ್ಲಿ ಅವರ ಸಹೋದ್ಯೋಗಿ. ಕಮ್ಯುನಿಸ್ಟರನ್ನು ಗೇಲಿಮಾಡಬಾರದು ಎಂದು ಮಾಲೀಕರು ಕಟ್ಟಳೆ ಹಾಕಿದಾಗ ಅವರು ಆ ಕೆಲಸ ಬಿಟ್ಟು ‘ಟೈಮ್ಸ್ ಆಫ್ ಇಂಡಿಯಾ’ ಸೇರಿದರು. ಅಲ್ಲಿ 1951ರಲ್ಲಿ ‘ಯೂ ಸೆಡ್ ಇಟ್’ ಎಂಬ ಪುಟ್ಟ ಪೆಟ್ಟಿಗೆ ಚಿತ್ರ ಶುರುವಾಯಿತು. ದೇಶದ ಮೊದಲ ಮಹಾಚುನಾವಣೆ ಆರಂಭವಾದದ್ದೂ ಅದೇ ವರ್ಷದ ಕೊನೆಯಲ್ಲಿ. ಅಂದಿನಿಂದ ಐದು ದಶಕಕ್ಕೂ ಮೀರಿ, ಭಾರತದ ಪ್ರಜಾಪ್ರಭುತ್ವದ ಜೊತೆಜೊತೆಗೇ ಆ ಪೆಟ್ಟಿಗೆ ನಡೆಯಿತು.

ಪೆಟ್ಟಿಗೆ ಚಿತ್ರ ಎಂದರೆ ಎಷ್ಟು ಜಾಗ? ಪತ್ರಿಕೆಯ ಒಂದು ಅಂಕಣದಗಲ, ಅಂಗೈಗಿಂತ ಚಿಕ್ಕದು. ಅದರೊಳಗೆ ಸ್ಥಳ, ಜನ, ಸನ್ನಿವೇಶ, ಮಾತು ಎಲ್ಲ ಹಿಡಿಯಬೇಕು. ಆಗಿನ ಮುದ್ರಣದ ಕ್ರಮವನ್ನೂ ತಿಳಿದುಕೊಳ್ಳಬೇಕು. ಚಿತ್ರವನ್ನು ಸತುವಿನ ತಗಡಿನ ಮೇಲೆ ಛಾಯಾಚಿತ್ರವಾಗಿ ಇಳಿಸುತ್ತಿದ್ದರು. ತಗಡನ್ನು ಆಮ್ಲದಲ್ಲಿ ಅದ್ದಿದರೆ ಗೆರೆಯಿಲ್ಲದ ಭಾಗವನ್ನು ಆಮ್ಲ ತಿನ್ನುತ್ತಿತ್ತು, ಗೆರೆ ಮಾತ್ರ ಉಬ್ಬಿ ನಿಲ್ಲುತ್ತಿತ್ತು. ಆ ಬ್ಲಾಕಿಗೆ ಮಸಿ ಸವರಿ ಒರಟು ಕಾಗದದ ಮೇಲೆ ಒತ್ತುವಾಗ ಸಣ್ಣ ಗೆರೆಗಳೆಲ್ಲ ಕೂಡಿಕೊಂಡು ಕಲೆಯಾಗುವ ಭಯ. ಆದ್ದರಿಂದ ಕಪ್ಪು ಎಲ್ಲಿ ಗಟ್ಟಿಯಾಗಿ ಕೂರಬೇಕು, ಬಿಳಿ ಎಲ್ಲಿ ಬಿಡಬೇಕು ಎಂಬುದರಲ್ಲೇ ಕಲೆಗಾರನ ಬಲ ಕಾಣಬೇಕಿತ್ತು. ಲಕ್ಷ್ಮಣ್ ಕುಂಚ ಹಿಡಿದು ಕಪ್ಪು ಮಸಿಯಲ್ಲಿ ಬರೆದವರು. ಅವರ ಗೆರೆಯಲ್ಲಿ ದಪ್ಪ ತೆಳು ಎರಡೂ ಒಂದೇ ಎಳೆತದಲ್ಲಿ ಬರುತ್ತವೆ. ಪಂಚೆಯ ಮಡಿಕೆ ಇರಲಿ, ಕಡತದ ದಾರ ಇರಲಿ, ಕೈ ಎಲ್ಲೂ ಅಳುಕಿಲ್ಲ.

ಅವರ ಚಿತ್ರಗಳಲ್ಲಿ ಪದೇಪದೇ ಬರುವ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಮಂತ್ರಿಯ ಕೋಣೆ. ಅಗಲವಾದ ಮೇಜು, ಒಂದಕ್ಕಿಂತ ಹೆಚ್ಚು ಟೆಲಿಫೋನು, ಕಿಟಕಿಗೆ ಪರದೆ, ಗೋಡೆಯಲ್ಲಿ ದೇಶನಾಯಕರ ಪಟ. ಮಂತ್ರಿಗೆ ಗಾಂಧಿ ಟೋಪಿ, ದುಂಡು ಹೊಟ್ಟೆ. ಪಕ್ಕದಲ್ಲಿ ಕಡತ ಹಿಡಿದ ಅಧಿಕಾರಿ ಬಾಗಿ ನಿಂತು ಏನೋ ಅರಿಕೆ ಮಾಡುತ್ತಿದ್ದಾನೆ. ಹಾಗೆ ಬಾಗಿದ್ದರಲ್ಲೇ ಅವನ ಇಡೀ ನೌಕರಿಯ ಚರಿತ್ರೆ ಇದೆ. ಬಾಗಿಲ ಬಳಿ ಶ್ರೀಸಾಮಾನ್ಯ ನಿಂತಿದ್ದಾನೆ. ಯಾರೂ ಅವನನ್ನು ಕರೆದಿಲ್ಲ, ಯಾರೂ ಅವನನ್ನು ನೋಡುತ್ತಿಲ್ಲ. ಕೋಣೆಯಲ್ಲಿ ನಡೆಯುವುದೆಲ್ಲ ಅವನ ಹೆಸರಿನಲ್ಲಿ, ಅವನ ದುಡ್ಡಿನಲ್ಲಿ ನಡೆಯುತ್ತಿದೆ. ಇಷ್ಟನ್ನು ಚಿತ್ರವೇ ಹೇಳಿದ ಮೇಲೆ ಕೆಳಗಿನ ಒಂದು ಸಾಲಿನ ಮಾತು ಬಂದು ಮುಟ್ಟುತ್ತದೆ.

ಈ ಶ್ರೀಸಾಮಾನ್ಯ ಹುಟ್ಟಿದ ಬಗೆಯನ್ನು ಲಕ್ಷ್ಮಣ್ ಅವರೇ ಹೇಳಿಕೊಂಡಿದ್ದಾರೆ. ಆರಂಭದಲ್ಲಿ ಭಾರತದ ಜನತೆಯನ್ನು ತೋರಿಸಬೇಕೆಂದರೆ ಅವರು ಗುಂಪನ್ನೇ ಬರೆಯುತ್ತಿದ್ದರು. ಬಂಗಾಳಿ, ಪಂಜಾಬಿ, ತಮಿಳ, ಮರಾಠಿ ಹೀಗೆ ಬೇರೆ ಬೇರೆ ಉಡುಪಿನವರು. ಪತ್ರಿಕೆಯ ಗಡುವಿಗೆ ಅಷ್ಟು ಮಂದಿಯನ್ನು ದಿನವೂ ಬರೆಯಲು ಪುರಸೊತ್ತು ಸಿಗಲಿಲ್ಲ. ಒಬ್ಬೊಬ್ಬರೇ ಚಿತ್ರದಿಂದ ಇಳಿದುಹೋಗಿ ಕಡೆಗೆ ಒಬ್ಬ ಉಳಿದ. ಚೌಕುಳಿ ಕೋಟು, ಪಂಚೆ, ಉರುಟು ಮೂಗಿನ ಮೇಲೆ ಕನ್ನಡಕ, ಪೊದೆ ಮೀಸೆ, ಬೋಳುತಲೆಯ ಹಿಂಬದಿಗೆ ಒಂದಿಷ್ಟು ಬಿಳಿಗೂದಲು, ಸದಾ ಮೇಲೆದ್ದ ಹುಬ್ಬು. ಅವನಿಗೆ ಹೆಸರಿಲ್ಲ. ಜಾತಿ, ಊರು, ಭಾಷೆ ಗೊತ್ತಾಗುವುದಿಲ್ಲ. ಅವನು ಸಂಸತ್ತಿನಲ್ಲಿರುತ್ತಾನೆ, ವಿಮಾನದಲ್ಲಿರುತ್ತಾನೆ, ಅಗೆದು ಬಿಟ್ಟ ರಸ್ತೆಯ ಪಕ್ಕ ಇರುತ್ತಾನೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿರುತ್ತಾನೆ. ಮಾತು ಮಾತ್ರ ಆಡುವುದಿಲ್ಲ. ಹೆಂಡತಿ ಆಡುತ್ತಾಳೆ, ಗದರುತ್ತಾಳೆ, ಮಂತ್ರಿ ಆಡುತ್ತಾನೆ, ಪಕ್ಕದ ಮನೆಯವನು ಆಡುತ್ತಾನೆ, ಇವನು ಕೇಳಿಸಿಕೊಳ್ಳುತ್ತಾನೆ.

ಸೊಕ್ಕೆಯಲ್ಲಿ ನಿಂತು ಈ ಮನುಷ್ಯನ ಬಗ್ಗೆ ಮಾತಾಡುವಾಗ ನನಗೆ ಬೇರೆಯದೇ ಒಂದು ಭಾವ ಬರುತ್ತದೆ. ಇದು ಮಳೆ ನೆಚ್ಚಿ ಮೆಕ್ಕೆಜೋಳ, ಶೇಂಗಾ ಬಿತ್ತುವ ಸೀಮೆ. ಬರಪೀಡಿತ ತಾಲ್ಲೂಕುಗಳ ಪಟ್ಟಿ ಬಂದಾಗ ಜಗಳೂರಿನ ಹೆಸರು ಹುಡುಕಬೇಕಾದ್ದೇ ಇಲ್ಲ. ಭದ್ರಾ ಮೇಲ್ದಂಡೆ ನೀರು ಬರುತ್ತದೆ, ಐವತ್ತೇಳು ಕೆರೆಗೆ ತುಂಗಭದ್ರೆಯ ನೀರು ತುಂಬುತ್ತದೆ ಎಂಬ ಮಾತುಗಳನ್ನು ಇಲ್ಲಿಯವರು ಎಷ್ಟು ಸಭೆಗಳಲ್ಲಿ, ಎಷ್ಟು ಹೋರಾಟಗಳಲ್ಲಿ ಕೇಳಿಸಿಕೊಂಡಿದ್ದಾರೆ! ಕೆರೆ ತುಂಬಿಸುವ ಕೆಲಸ ಕಣ್ಣಿಗೆ ಕಂಡಿದೆ, ಅದು ಸಂತೋಷ. ಅಲ್ಲಿಯವರೆಗೆ ಕಾದವರ ಮುಖ ಹೇಗಿತ್ತು? ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲ ಬಳಿ ನಿಂತ ರೈತನ ಮುಖದಲ್ಲಿ ಆ ಮೇಲೆದ್ದ ಹುಬ್ಬು ನನಗೆ ಕಂಡಿದೆ. ನೆರೆ ಬಂದಾಗ ಮೇಲಿನಿಂದ ವೈಮಾನಿಕ ಸಮೀಕ್ಷೆ, ಬರ ಬಂದಾಗ ಕಾರಿನಲ್ಲಿ ಅಧ್ಯಯನ ತಂಡ. ಲಕ್ಷ್ಮಣ್ ಈ ಎರಡನ್ನೂ ದಶಕಗಳ ಕಾಲ ಬಿಡದೆ ಬರೆದರು. ಎಲುಬು ಕಾಣುವ ಹಳ್ಳಿಗರು, ಮುರುಕು ಗುಡಿಸಲು, ಅವರ ಮುಂದೆ ಹಾರ ಹಾಕಿಸಿಕೊಂಡು ಭಾಷಣ ಮಾಡುವ ನಾಯಕ. ಅಂಥ ಚಿತ್ರಗಳಲ್ಲಿ ಹಳ್ಳಿಗನ ಬಡತನ ನಗೆಯ ವಸ್ತುವಾಗಿಲ್ಲ. ನಗೆ ಹೊರಡುವುದು ನಾಯಕನ ಮಾತಿನಿಂದ. ಹಳ್ಳಿಗನನ್ನು ಪೆದ್ದನನ್ನಾಗಿ ತೋರಿಸಿ ನಗಿಸುವ ಸುಲಭದ ದಾರಿ ನಮ್ಮ ನಾಟಕ ಸಿನಿಮಾಗಳಲ್ಲಿ ಎಷ್ಟೋ ಇದೆ. ಲಕ್ಷ್ಮಣ್ ಆ ದಾರಿ ತುಳಿಯಲಿಲ್ಲ. ಅವರ ಮೇಲೆ ನನಗಿರುವ ಗೌರವದ ಮುಖ್ಯ ಕಾರಣ ಇದೇ.

ಜೊತೆಗೆ ಒಂದು ತಕರಾರನ್ನೂ ಹೇಳಬೇಕು. ಶ್ರೀಸಾಮಾನ್ಯ ಎಂದು ನಾವು ಕರೆದರೂ ಅವನು ಬಹುಮಟ್ಟಿಗೆ ಪಟ್ಟಣದ ಮಧ್ಯಮವರ್ಗದ ಗಂಡಸು. ಕೋಟು ಹಾಕಿದವನು, ಪತ್ರಿಕೆ ಓದುವವನು. ಕೂಲಿ ಹೆಂಗಸು, ಕುರಿ ಕಾಯುವ ಹುಡುಗ, ಕೇರಿಯಲ್ಲಿ ಬದುಕುವವನು ಈ ಪೆಟ್ಟಿಗೆಯಲ್ಲಿ ಕಾಣಿಸಿಕೊಂಡರೂ ಅದರ ಒಡೆಯರಾಗಲಿಲ್ಲ. ಮೌನವೂ ಹಾಗೆಯೇ. 1951ರಲ್ಲಿ ಹೊಸ ಗಣರಾಜ್ಯವನ್ನು ಬೆರಗಿನಿಂದ ನೋಡುವ ಪ್ರಜೆಯ ಮೌನಕ್ಕೆ ಒಂದು ಘನತೆ ಇತ್ತು. ಐವತ್ತು ವರ್ಷದ ಮೇಲೂ ಅವನು ಬಾಯಿ ತೆರೆಯದಿದ್ದಾಗ ನನಗೆ ಕೆಲವು ಸಲ ಸಂಕಟವಾಗಿದೆ. ಈ ನಡುವೆ ಕರ್ನಾಟಕದಲ್ಲಿ ರೈತಸಂಘ ಬಂತು, ದಲಿತ ಚಳವಳಿ ಬಂತು, ಜನ ಮಾತಾಡಿದರು. ಲಕ್ಷ್ಮಣ್ ತಮ್ಮ ಮನುಷ್ಯನನ್ನು ಸಾಕ್ಷಿಯಾಗಿಯೇ ಉಳಿಸಿಕೊಂಡರು. ಇದು ಅವರ ಮಿತಿ ಎಂದು ನನ್ನ ಅಭಿಪ್ರಾಯ. ಸಾಕ್ಷಿಯೂ ಇಲ್ಲದ ಕಡೆ ಏನೇನು ನಡೆಯುತ್ತದೆ ಎಂಬುದು ಗೊತ್ತಿರುವುದರಿಂದ ಆ ಮಿತಿಯ ಕಾರಣಕ್ಕೆ ಅವರನ್ನು ತಳ್ಳಿಹಾಕಲಾರೆ.

ಈಗ ಮೂರನೆಯ ವಿಷಯ. ಅಧಿಕಾರದ ಎದುರು ವ್ಯಂಗ್ಯಚಿತ್ರಕಾರ.

ಜವಾಹರಲಾಲ್ ನೆಹರೂ ಅವರನ್ನು ದೇಶ ಗಾಂಧಿ ಟೋಪಿಯಲ್ಲಿ ಕಂಡಿತ್ತು. ಲಕ್ಷ್ಮಣ್ ಅವರ ಟೋಪಿ ತೆಗೆಸಿ ಬೋಳುತಲೆಯಲ್ಲೇ ಬರೆದರು. ಪ್ರಧಾನಿಯನ್ನು ಪೀಠದಿಂದ ಇಳಿಸಿ ಮನುಷ್ಯನನ್ನಾಗಿ ಮಾಡಿದ್ದು ಅಷ್ಟರಿಂದಲೇ. 1962ರ ಚೀನಾ ಯುದ್ಧದ ನಂತರದ ಒಂದು ಪ್ರಸಂಗವನ್ನು ಲಕ್ಷ್ಮಣ್ ಹೇಳಿಕೊಳ್ಳುತ್ತಿದ್ದರು. ನೆಹರೂ ಅವರನ್ನು ಟೀಕಿಸಿ ಬರೆದ ಚಿತ್ರ ಅಚ್ಚಾದ ಬೆಳಿಗ್ಗೆ ಟೆಲಿಫೋನು ಬಂತು. ಆ ಕಡೆ ಸ್ವತಃ ಪ್ರಧಾನಿ. ಚಿತ್ರ ಹಿಡಿಸಿತು, ದೊಡ್ಡದಾಗಿ ಬರೆದು ಸಹಿ ಹಾಕಿ ಕಳಿಸುತ್ತೀರಾ, ಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತೇನೆ ಎಂದರಂತೆ. ಯುದ್ಧದಲ್ಲಿ ಸೋತು ನೊಂದಿದ್ದ ಮನುಷ್ಯ ಹಾಗೆ ಕೇಳಿದರು ಎಂಬುದು ಇಬ್ಬರ ದೊಡ್ಡತನವನ್ನೂ ಹೇಳುತ್ತದೆ.

ಹದಿಮೂರು ವರ್ಷದ ಮೇಲೆ ಗಾಳಿ ಬದಲಾಯಿತು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. ವ್ಯಂಗ್ಯಚಿತ್ರವೂ ಅಧಿಕಾರಿಯ ಒಪ್ಪಿಗೆ ಪಡೆಯಬೇಕು ಎಂದರೆ ಆ ಕಲೆಯಲ್ಲಿ ಉಳಿಯುವುದೇನು? ಅವರೇ ಹೇಳಿರುವಂತೆ, ಲಕ್ಷ್ಮಣ್ ನೇರವಾಗಿ ಇಂದಿರಾ ಗಾಂಧಿಯವರನ್ನು ಕಂಡು ಮಾತಾಡಿದರು, ಸ್ವಲ್ಪ ಕಾಲ ಬರೆಯಲು ಸಾಧ್ಯವಾಯಿತು. ಆಮೇಲೆ ವಾರ್ತಾ ಮಂತ್ರಿ ವಿ.ಸಿ. ಶುಕ್ಲ ಅವರಿಂದ ಎಚ್ಚರಿಕೆ ಬಂತು. ಲಕ್ಷ್ಮಣ್ ಬೇಸತ್ತು ರಜೆ ಹಾಕಿ ಮಾರಿಷಸ್‌ಗೆ ಹೊರಟುಹೋದರು. ಜೈಲಿಗೆ ಹೋಗಲಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಜೈಲಿಗೆ ಹೋದವರ ಬಗ್ಗೆ ಅಪಾರ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಅಪ್ಪಣೆ ಪಡೆದು ನಗಿಸುವುದಿಲ್ಲ ಎಂದು ಕುಂಚ ಕೆಳಗಿಟ್ಟದ್ದೂ ಒಂದು ಉತ್ತರವೇ. ತುರ್ತು ಪರಿಸ್ಥಿತಿ ಮುಗಿದ ಮೇಲೆ ಮತ್ತೆ ಅದೇ ಪೆಟ್ಟಿಗೆಗೆ ಮರಳಿ, ಯಾವ ಪಕ್ಷ ಬಂದರೂ ಅದೇ ಕಣ್ಣಿನಿಂದ ಬರೆದರು. ಜನತಾ ಪಕ್ಷವನ್ನೂ ಬಿಡಲಿಲ್ಲ, ಅನಂತರ ಬಂದವರನ್ನೂ ಬಿಡಲಿಲ್ಲ.

ಇಲ್ಲಿ ಪ್ರಶಸ್ತಿಗಳ ಮಾತನ್ನು ಬೇಗ ಮುಗಿಸುತ್ತೇನೆ. 1973ರಲ್ಲಿ ಪದ್ಮಭೂಷಣ, 1984ರಲ್ಲಿ ರೇಮನ್ ಮ್ಯಾಗ್ಸೆಸೆ, 2005ರಲ್ಲಿ ಪದ್ಮವಿಭೂಷಣ. ‘ಟೈಮ್ಸ್ ಆಫ್ ಇಂಡಿಯಾ’ದ ನೂರೈವತ್ತನೇ ವರ್ಷಕ್ಕೆ ಹೊರಟ ಅಂಚೆಚೀಟಿಯಲ್ಲಿ ಶ್ರೀಸಾಮಾನ್ಯ ಕಾಣಿಸಿಕೊಂಡ. ಪುಣೆಯ ಸಿಂಬಯಾಸಿಸ್ ಸಂಸ್ಥೆಯ ಆವರಣದಲ್ಲಿ, ಮುಂಬೈಯ ವರ್ಲಿ ಕಡಲತೀರದಲ್ಲಿ ಅವನ ಪ್ರತಿಮೆ ನಿಂತಿದೆ. ಕನ್ನಡಿಗ ಕ್ಯಾಪ್ಟನ್ ಗೋಪಿನಾಥ್ ಬಡವರೂ ವಿಮಾನ ಹತ್ತಲಿ ಎಂದು ಕಟ್ಟಿದ ಏರ್ ಡೆಕ್ಕನ್ ಸಂಸ್ಥೆ ಅವನನ್ನೇ ತನ್ನ ಗುರುತಾಗಿ ಮಾಡಿಕೊಂಡಿತು. ಬಣ್ಣದ ಡಬ್ಬಿ ಹಿಡಿದ ಏಷ್ಯನ್ ಪೇಂಟ್ಸ್‌ನ ಹುಡುಗ ಗಟ್ಟು ಕೂಡ 1954ರಲ್ಲಿ ಲಕ್ಷ್ಮಣ್ ಬರೆದವನೇ.

ನಮ್ಮ ಮನೆಗಳಿಗೆ ಅವರ ಗೆರೆ ಬೇರೊಂದು ದಾರಿಯಿಂದ ಬಂತು. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ಶೀರ್ಷಿಕೆಯ ಚಿತ್ರಗಳು ಲಕ್ಷ್ಮಣ್ ಅವರವು. ಕಥೆ ಅಣ್ಣನದು, ಚಿತ್ರ ತಮ್ಮನದು, ಚಿತ್ರೀಕರಣ ಪಕ್ಕದ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ.  ಊರಿಗೊಂದು ಟಿ.ವಿ. ಇದ್ದ ಕಾಲದಲ್ಲಿ ಪಂಚಾಯ್ತಿ ಕಟ್ಟಡದ ಎದುರು ಕೂತು ನೋಡಿದ ಹಿರಿಯರು ಈ ಸಭೆಯಲ್ಲೂ ಇರಬಹುದು. ಇಂಗ್ಲಿಷ್ ಪತ್ರಿಕೆ ಒಮ್ಮೆಯೂ ಮುಟ್ಟದವರಿಗೂ ಲಕ್ಷ್ಮಣ್ ಕೈಬರಹದ ಪರಿಚಯವಾದದ್ದು ಹೀಗೆ.

2003ರಲ್ಲಿ ಪಾರ್ಶ್ವವಾಯುವಿನಿಂದ ಅವರ ಎಡಭಾಗ ಸೋತಿತು. ಅದರಿಂದ ತಕ್ಕಮಟ್ಟಿಗೆ ಚೇತರಿಸಿಕೊಂಡರು. ಹುಡುಗನಾಗಿದ್ದಾಗ ತಂದೆಯನ್ನು ಕಿತ್ತುಕೊಂಡ ಕಾಯಿಲೆಯೇ ಎಂಬತ್ತು ದಾಟಿದ ಮೇಲೆ ಮಗನನ್ನು ಹುಡುಕಿಕೊಂಡು ಬಂದಿತ್ತು. ಅವರ ಅಂತ್ಯಸಂಸ್ಕಾರವನ್ನು ಮಹಾರಾಷ್ಟ್ರ ಸರ್ಕಾರ ರಾಜಮರ್ಯಾದೆಯಿಂದ ನೆರವೇರಿಸಿತು.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಲಕ್ಷ್ಮಣ್ ಒಬ್ಬರೇ ಆಕಾಶದಿಂದ ಇಳಿದವರಲ್ಲ, ಅವರೊಂದಿಗೆ ಈ ಕಲೆ ಮುಗಿಯಲೂ ಇಲ್ಲ. ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ನಲ್ಲಿ ಬಿ.ವಿ. ರಾಮಮೂರ್ತಿ ‘ಮಿಸ್ಟರ್ ಸಿಟಿಜನ್’ ಎಂಬ ತಮ್ಮದೇ ಪ್ರಜೆಯನ್ನು ವರ್ಷಗಟ್ಟಲೆ ಬರೆದರು. ಮುಂಬೈಯಲ್ಲಿದ್ದ ಲಕ್ಷ್ಮಣ್ ದೆಹಲಿಯನ್ನು ನೋಡಿದರೆ ರಾಮಮೂರ್ತಿ ವಿಧಾನಸೌಧವನ್ನು ನೋಡಿದರು. ಕರ್ನಾಟಕದ ಮುಖ್ಯಮಂತ್ರಿಗಳ ಚಹರೆಗಳು ನಮಗೆ ಗೆರೆಯಲ್ಲಿ ಪರಿಚಯವಾದದ್ದು ಅಂಥವರಿಂದ. ಅವರ ಹೆಸರಿಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬ ಕೊರಗು ನನಗಿದೆ. ‘ಪ್ರಜಾವಾಣಿ’ಯ ‘ಚಿನಕುರಳಿ’ಯನ್ನು ಮೊದಲು ನೋಡಿ ಆಮೇಲೆ ಸುದ್ದಿ ಓದುವವರು ಇಲ್ಲಿ ಹಲವರಿದ್ದೀರಿ. ಪಿ. ಮಹಮ್ಮದ್ ಅವರ ಗೆರೆಗಳಲ್ಲಿ ಕನ್ನಡದ ರಾಜಕೀಯ ವ್ಯಂಗ್ಯಕ್ಕೆ ಬೇರೆಯೇ ಮೊನಚು ಬಂತು. ಕುಂದಾಪುರದ ಸತೀಶ್ ಆಚಾರ್ಯ ತಮ್ಮ ಊರಿನಲ್ಲೇ ಇದ್ದು ಜಗತ್ತಿಗೆಲ್ಲ ಬರೆಯುತ್ತಾರೆ, ಅಲ್ಲಿ ಕಾರ್ಟೂನು ಹಬ್ಬವನ್ನೇ ನಡೆಸುತ್ತಾರೆ. ರಾಜಧಾನಿಯಲ್ಲಿದ್ದರೆ ಮಾತ್ರ ವ್ಯಂಗ್ಯಚಿತ್ರಕಾರನಾಗಬಹುದು ಎಂಬ ಕಾಲ ಮುಗಿದಿದೆ, ಸೊಕ್ಕೆಯ ಮಕ್ಕಳು ಇದನ್ನು ಕಿವಿಗೊಟ್ಟು ಕೇಳಬೇಕು. ಬೆಂಗಳೂರಿನ ಎಂ.ಜಿ. ರಸ್ತೆಯ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, ಪ್ರದರ್ಶನಗಳು ನಡೆಯುತ್ತಿರುತ್ತವೆ. ಶಾಲೆಯಿಂದ ಬೆಂಗಳೂರು ಪ್ರವಾಸ ಹೋದಾಗ ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ ಎಂದು ಅಧ್ಯಾಪಕರಲ್ಲಿ ಕೇಳುತ್ತೇನೆ.

ಕೊರವಂಜಿ 1967ರಲ್ಲಿ ನಿಂತಿತು. 1983ರಲ್ಲಿ ಅದರ ಬಳಗದ ಆಸೆಯಿಂದ ‘ಅಪರಂಜಿ’ ಹುಟ್ಟಿತು. ಆ ಪರಂಪರೆ ಉಳಿದದ್ದು ಓದುಗರು ಹಳೆಯ ಸಂಚಿಕೆಗಳನ್ನು ಎತ್ತಿಟ್ಟುಕೊಂಡಿದ್ದರಿಂದಲೂ ಹೌದು. ವ್ಯಂಗ್ಯಚಿತ್ರಕ್ಕೆ ಇರುವ ದೊಡ್ಡ ಅಪಾಯ ಇದೇ. ಕಥೆ ಪುಸ್ತಕವಾಗುತ್ತದೆ, ಕವಿತೆ ಸಂಕಲನವಾಗುತ್ತದೆ, ಲೇಖನವನ್ನು ಯಾರಾದರೂ ಕತ್ತರಿಸಿ ಇಡುತ್ತಾರೆ. ಚಿತ್ರ ಮಾತ್ರ ಪತ್ರಿಕೆಯ ಜೊತೆಗೇ ತೂಕಕ್ಕೆ ಹೋಗುತ್ತದೆ. ಲಕ್ಷ್ಮಣ್ ಅವರಿಗೆ ದೊಡ್ಡ ಪತ್ರಿಕೆಯ ಬಲವಿತ್ತು, ಸಂಪುಟಗಳು ಬಂದವು. ಜಿಲ್ಲಾ ಪತ್ರಿಕೆಗಳಲ್ಲಿ ಬರೆದ ನಮ್ಮ ಕಡೆಯ ಚಿತ್ರಕಾರರ ಕೆಲಸ ಎಲ್ಲಿದೆ? ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗದ ಪತ್ರಿಕೆಗಳ ಹಳೆಯ ಕಟ್ಟುಗಳಲ್ಲಿ, ನಿಂತುಹೋದ ವಾರಪತ್ರಿಕೆಗಳಲ್ಲಿ, ಕಾಲೇಜು ಸಂಚಿಕೆಗಳಲ್ಲಿ, ಚುನಾವಣೆಯ ಕರಪತ್ರಗಳಲ್ಲಿ.

ಆದ್ದರಿಂದ ಈ ಸಭೆಯ ಮುಂದೆ ಒಂದು ಕೋರಿಕೆ ಇಡುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೆಯ ಕೊರವಂಜಿ, ಸುಧಾ, ಪ್ರಜಾಮತ, ಊರ ಶಾಲೆಯ ಹಸ್ತಪತ್ರಿಕೆ ಏನೇ ಇದ್ದರೂ ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ವ್ಯಂಗ್ಯಚಿತ್ರ ಇರುವ ಪುಟಗಳನ್ನು ಬೇರೆ ಮಾಡಿ, ಪತ್ರಿಕೆಯ ಹೆಸರು, ತಾರೀಖು, ಚಿತ್ರಕಾರನ ಸಹಿ ಗುರುತಿಸಿ ಗ್ರಾಮದ ಗ್ರಂಥಾಲಯಕ್ಕೆ ಕೊಡಿ. ಸಹಿ ತಿಳಿಯದಿದ್ದರೆ ಹಾಗೆಯೇ ಇಡಿ, ಗುರುತಿಸುವವರು ಮುಂದೆ ಬಂದಾರು. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದು ವರ್ಷವಾರು ಜೋಡಿಸಬಹುದು, ಅದಕ್ಕೆ ಹಣವೂ ಬೇಡ, ಸರ್ಕಾರದ ಆದೇಶವೂ ಬೇಡ. ಈ ದತ್ತಿಯ ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ಉಪನ್ಯಾಸದ ಜೊತೆ ಅವುಗಳ ಒಂದು ಪ್ರದರ್ಶನ ಇಡುವಂತಾದರೆ ಪಟ್ಟಿ ಮಾಡುವ ಕೆಲಸದಲ್ಲಿ ಕೈಜೋಡಿಸಲು ನಾನೂ ಬರುತ್ತೇನೆ.